ಅಲ್ಪ ಖರ್ಚಿನ ದೂರ ಪ್ರಯಾಣ

(ಪೆಂಡುರ್ತಿಯ ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಪ್ರವಾಸದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಹೊರದೇಶ ಕಂಡವನಲ್ಲ. ಮಿಲ್ಲಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ, ಓದಿದ್ದು ಮೆಟ್ರಿಕ್ಕಿನವರೆಗೆ. ಆದರೆ ಲೆಕ್ಕ ಬರೆಯುವವನಿಗೆ ಒಂದು ಚಾಳಿ ಇರುತ್ತದೆ. ಯಾರಾದರೂ ದೂರ ದೇಶಕ್ಕೆ ಹೋಗಿಬಂದರೆಂದು ಕೇಳಿದರೆ ಮಿಕ್ಕವರು ಏನು ನೋಡಿದರು ಎಂದು ವಿಚಾರಿಸುತ್ತಾರೆ; ನನ್ನಂಥವನು ಎಷ್ಟಾಯಿತು, ಆ ಹಣ ಎಲ್ಲಿಂದ ಬಂತು ಎಂದು ವಿಚಾರಿಸುತ್ತಾನೆ. ಈ ಹೊತ್ತು ನಾನು ಆಡುವ ಮಾತೆಲ್ಲ ಆ ಚಾಳಿಯದೇ.

ಇಲ್ಲಿ ಕೂತವರಲ್ಲಿ ಪ್ರಯಾಣ ಮಾಡದವರು ಯಾರೂ ಇಲ್ಲ. ಬಳ್ಳಾರಿ, ರಾಯಚೂರು, ಹಾಸನ, ಧಾರವಾಡ ಎಂದು ಒಬ್ಬೊಬ್ಬರು ಒಂದೊಂದು ಕಡೆಯಿಂದ ಹೊರಟು, ಗುಂತಕಲ್ಲಿನಲ್ಲೋ ವಿಜಯವಾಡದಲ್ಲೋ ಗಾಡಿ ಬದಲಾಯಿಸಿ, ಟ್ರಂಕಿನ ಮೇಲೆ ಕೂತು ರಾತ್ರಿ ಕಳೆದು ಇಲ್ಲಿಗೆ ಬಂದವರು. ಆದರೆ ನಮ್ಮ ಪ್ರಯಾಣವೆಲ್ಲ ಒಂದೇ ದಾರಿಯದು. ಊರಿನಿಂದ ಕೆಲಸಕ್ಕೆ, ಕೆಲಸದಿಂದ ಊರಿಗೆ. ವರ್ಷದ ರಜೆಯೆಲ್ಲ ಒಂದು ಮದುವೆ, ಒಂದು ಜಾತ್ರೆ, ಒಂದು ಸಾವಿಗೆ ಮುಗಿದುಹೋಗುತ್ತದೆ. ಸಂಸಾರವನ್ನು ಇಲ್ಲಿಗೆ ಕರೆತಂದವರ ಮನೆಯ ಹೆಂಗಸರು ನೋಡಿರುವುದು ಸಿಂಹಾಚಲದ ಗುಡಿ, ವಿಶಾಖಪಟ್ಟಣದ ಸಮುದ್ರದ ದಂಡೆ, ಬಹಳವಾದರೆ ಅರಕು. ಊರಿನಲ್ಲೇ ಬಿಟ್ಟುಬಂದವರ ತಾಯಂದಿರು ಅಷ್ಟನ್ನೂ ನೋಡಿಲ್ಲ. 'ದೇಶ ಸುತ್ತುವುದು ದುಡ್ಡಿದ್ದವರ ಮಾತು' ಎಂದು ನಾವೂ ಸುಮ್ಮನಿದ್ದೇವೆ, ಅವರೂ ಸುಮ್ಮನಿದ್ದಾರೆ.

ಈ ಮಾತು ಎಷ್ಟು ನಿಜ? ಇಬ್ಬಿಬ್ಬರಾಗಿ ಹೊರಟು, ಕಡಮೆ ಹಣದಲ್ಲಿ ಬಹು ದೂರ ಹೋದ ಕೆಲವರ ವೃತ್ತಾಂತವನ್ನು ಹೇಳುತ್ತೇನೆ. ನೀವೇ ಲೆಕ್ಕ ಹಾಕಿಕೊಳ್ಳಿ.

ಮೊದಲು ನಮ್ಮ ಮೈಸೂರಿನವರದು. ಡಿ. ಕೃಷ್ಣಕುಮಾರ್ ಎಂಬವರು ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ನೌಕರಿಯಲ್ಲಿದ್ದರು. ಅವರ ತಾಯಿ ಚೂಡಾರತ್ನಮ್ಮನವರು ಮೈಸೂರಿನಲ್ಲಿ ಹತ್ತು ಜನರ ಕೂಡು ಕುಟುಂಬಕ್ಕೆ ಬೇಯಿಸಿ ಬಡಿಸುತ್ತಲೇ ಆಯುಷ್ಯದ ಬಹುಭಾಗ ಕಳೆದವರು. ೨೦೧೫ರಲ್ಲಿ ಯಜಮಾನರು ತೀರಿಕೊಂಡ ಮೇಲೆ ಮಗ ತಾಯಿಯನ್ನು ತಮ್ಮ ಬಳಿಗೆ ಕರೆಸಿಕೊಂಡರು. ಒಂದು ದಿನ ಮಾತಿಗೆ ಮಾತು ಬಂದು, ದೊಡ್ಡ ದೊಡ್ಡ ಕ್ಷೇತ್ರಗಳಿರಲಿ, ಬೇಲೂರು ಹಳೇಬೀಡನ್ನು ಕೂಡ ಆಕೆ ನೋಡಿಲ್ಲವೆಂಬುದು ಮಗನಿಗೆ ಗೊತ್ತಾಯಿತು. ಮೈಸೂರಿಗೂ ಹಳೇಬೀಡಿಗೂ ನಡುವೆ ಇರುವುದು ಸುಮಾರು ೧೫೦ ಕಿಲೋಮೀಟರು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಆ ದೂರವನ್ನು ದಾಟಲು ಎಪ್ಪತ್ತು ವರ್ಷದ ಹತ್ತಿರ ಬಂದರೂ ಆಕೆಗೆ ಪುರಸತ್ತು ಸಿಕ್ಕಿರಲಿಲ್ಲ.

ಮಗ ನೌಕರಿ ಬಿಟ್ಟರು. ತಂದೆ ಕೊಡಿಸಿದ್ದ ಬಜಾಜ್ ಚೇತಕ್ ಸ್ಕೂಟರೊಂದು ಮನೆಯಲ್ಲಿತ್ತು. ಸುಮಾರು ಇಪ್ಪತ್ತು ವರ್ಷದ ಹಳೆಯ ಗಾಡಿ. ಅದರ ಮುಂದೆ ಹಿಂದೆ ಸಾಮಾನು ಕಟ್ಟಿ, ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ೨೦೧೮ರ ಜನವರಿ ೧೬ರಂದು ಮೈಸೂರಿನಿಂದ ಹೊರಟರು. ಮಾತೃಸೇವಾ ಸಂಕಲ್ಪ ಯಾತ್ರೆ ಎಂದು ಅದಕ್ಕೆ ಹೆಸರಿಟ್ಟರು. ಭರತಖಂಡವನ್ನೆಲ್ಲ ಸುತ್ತಿ, ನೇಪಾಳ, ಭೂತಾನ, ಮಯನ್ಮಾರ್ ದೇಶಗಳನ್ನೂ ಕಂಡು, ೨೦೨೦ರಲ್ಲಿ ಊರಿಗೆ ಹಿಂತಿರುಗುವ ಹೊತ್ತಿಗೆ ಆ ಸ್ಕೂಟರು ೫೬,೫೨೨ ಕಿಲೋಮೀಟರು ಓಡಿತ್ತು. ಭೂಮಿಯ ಸುತ್ತಳತೆಯೇ ೪೦,೦೦೦ ಕಿಲೋಮೀಟರಿನ ಆಸುಪಾಸು. ೨೦೨೨ರಲ್ಲಿ ಇಬ್ಬರೂ ಮತ್ತೆ ಹೊರಟರು.

ಇನ್ನು ಖರ್ಚಿನ ಮಾತು. ದುಡಿದ ಕಾಲದಲ್ಲಿ ಉಳಿಸಿಟ್ಟ ಹಣದ ಬಡ್ಡಿಯಲ್ಲೇ ಯಾತ್ರೆ ನಡೆಸಿದ್ದಾಗಿ ಮಗ ಹೇಳಿಕೊಂಡಿದ್ದಾರೆ. ಇಳಿದುಕೊಳ್ಳುತ್ತಿದ್ದುದು ಮಠ, ದೇವಸ್ಥಾನ, ಧರ್ಮಶಾಲೆಗಳಲ್ಲಿ; ಲಾಡ್ಜಿನ ಬಾಡಿಗೆ ಎಂಬ ಕಲಮೇ ಅವರ ಲೆಕ್ಕದಲ್ಲಿ ಇಲ್ಲವೆನ್ನಬಹುದು. ಮತ್ತೊಂದು ಸಂಗತಿ ನಾನು ಲೆಕ್ಕ ಹಾಕಿದಾಗ ಹೊಳೆದದ್ದು. ಐವತ್ತಾರು ಸಾವಿರ ಚಿಲ್ಲರೆ ಕಿಲೋಮೀಟರನ್ನು ಎರಡೂವರೆ ವರ್ಷದ ದಿನಗಳಿಗೆ ಹಂಚಿದರೆ ದಿನವೊಂದಕ್ಕೆ ಬರುವುದು ಅರವತ್ತು ಕಿಲೋಮೀಟರು. ವಿಶಾಖಪಟ್ಟಣದಿಂದ ವಿಜಯನಗರಕ್ಕೆ ಹೋದ ಹಾಗೆ. ಪ್ರವಾಸದಲ್ಲಿ ಬಹಳ ಹಣ ನುಂಗುವುದು ಅವಸರ. ಮೂರು ದಿನದಲ್ಲಿ ಎಲ್ಲ ನೋಡಿಬಿಡಬೇಕೆಂದವನು ವಿಮಾನದ ಟಿಕೇಟಿಗೆ, ಟ್ಯಾಕ್ಸಿಗೆ, ಸ್ಟೇಷನ್ನಿನ ಎದುರಿನ ಹೋಟೆಲಿಗೆ ಸುರಿಯಬೇಕಾಗುತ್ತದೆ. ಪುರಸತ್ತು ಉಳ್ಳವನು ಮಠದ ಪಂಕ್ತಿಗೆ ಕಾಯಬಲ್ಲ. ಚೇತಕ್ ಗಾಡಿಯದೂ ಒಂದು ಗುಣವುಂಟು. ೧೯೭೨ರಿಂದ ೨೦೦೬ರವರೆಗೆ ಅದು ಕಾರ್ಖಾನೆಯಿಂದ ಹೊರಬರುತ್ತಿತ್ತು. ಹೀಗಾಗಿ ಅದನ್ನು ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿ ಯಾವ ಊರಿನ ಮೂಲೆಯಲ್ಲಾದರೂ ಒಬ್ಬನಿರುತ್ತಾನೆ.

೨೦೨೦ರಲ್ಲಿ ಕೊರೊನಾ ಬಂದು ಗಡಿಗಳು ಮುಚ್ಚಿದಾಗ ತಾಯಿಮಗ ಇಬ್ಬರೂ ಭೂತಾನದ ಗಡಿಯಲ್ಲಿ ಒಂದು ತಿಂಗಳಿಗೂ ಮೇಲೆ ಸಿಕ್ಕಿಕೊಂಡರು. ಆ ದಿನಗಳು ಹೇಗಿದ್ದವೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ನೌಕರಿ ಬಿಟ್ಟು ಹೊರಡಿರೆಂದು ನಾನು ಹೇಳಲಾರೆ. ಅವರು ಅವಿವಾಹಿತರು; ಮಕ್ಕಳ ಫೀಜು, ತಂಗಿಯ ಮದುವೆಯ ಸಾಲ ಎಂದು ನಮಗಿರುವ ಕೊಂಡಿಗಳು ಬೇರೆ. ನಾನು ಎತ್ತಿಕೊಳ್ಳುವುದು ಇಷ್ಟನ್ನೇ: ಪ್ರವಾಸ ಯಾರಿಗಾಗಿ ಎಂಬುದನ್ನು ಅವರು ಮೊದಲು ಗೊತ್ತು ಮಾಡಿಕೊಂಡರು, ಹೋಗುವ ಊರುಗಳನ್ನು ಆಮೇಲೆ.

ಮಯನ್ಮಾರಿನ ಹೆಸರು ಬಂದದ್ದಕ್ಕೆ ಒಂದು ಮಾತು. ಇದು ನಮ್ಮ ಹಿರಿಯರು ಬರ್ಮಾ ಎನ್ನುತ್ತಿದ್ದ ದೇಶ. ಈ ಕರಾವಳಿಯ ತೆಲುಗು ಜನ ಸಾವಿರಗಟ್ಟಲೆಯಾಗಿ ಹಡಗು ಹತ್ತಿ ರಂಗೂನಿನ ಅಕ್ಕಿ ಮಿಲ್ಲುಗಳಿಗೂ ಬಂದರಿಗೂ ಕೂಲಿಗೆ ಹೋಗುತ್ತಿದ್ದರು. ೧೯೪೧ರ ಡಿಸೆಂಬರಿನಲ್ಲಿ ಜಪಾನಿನ ಬಾಂಬು ಬಿದ್ದ ಬಳಿಕ ಅವರಲ್ಲಿ ಎಷ್ಟೋ ಮಂದಿ ಕಾಡು ಬೆಟ್ಟ ದಾಟಿ ನಡೆದೇ ಹಿಂತಿರುಗಿದರು. ದಾರಿಯಲ್ಲಿ ಬಿದ್ದವರೂ ಅನೇಕರು. ವಿಶಾಖಪಟ್ಟಣದಲ್ಲಿ ಬರ್ಮಾ ಕ್ಯಾಂಪ್ ಎಂಬ ಹೆಸರಿನ ಬಡಾವಣೆಯೇ ಇದೆ. ಕಡಮೆ ಖರ್ಚಿನಲ್ಲಿ ಏಷ್ಯಾ ಖಂಡವನ್ನು ಬೆನ್ನ ಮೇಲೆ ಗಂಟು ಹೊತ್ತು ದಾಟಿದವರಲ್ಲಿ ಕೂಲಿಯವರೇ ಮೊದಲಿಗರು. ಅವರನ್ನು ಯಾರೂ ಪ್ರವಾಸಿಗಳೆಂದು ಕರೆಯಲಿಲ್ಲ, ಅಷ್ಟೆ.

ಇನ್ನು ಎರಡನೆಯ ಜೋಡಿ. ಇವರ ಕಥೆ ಶುರುವಾದದ್ದು ಬೆಂಗಳೂರಿನ ಒಂದು ಕಾಫಿ ಹೋಟೆಲಿನಲ್ಲಿ. ೧೯೬೧ನೆಯ ಇಸವಿ. ಬರ್ಟ್ರಂಡ್ ರಸೆಲ್ ಎಂಬ ಇಂಗ್ಲೆಂಡಿನ ತತ್ತ್ವಜ್ಞಾನಿಯನ್ನು, ಅಣುಬಾಂಬಿನ ವಿರುದ್ಧ ಸತ್ಯಾಗ್ರಹ ಮಾಡಿದ್ದಕ್ಕಾಗಿ, ೮೯ನೆಯ ವಯಸ್ಸಿನಲ್ಲಿ ಜೈಲಿಗೆ ಹಾಕಿದರೆಂಬ ಸುದ್ದಿಯನ್ನು ಇಬ್ಬರು ತರುಣರು ಪತ್ರಿಕೆಯಲ್ಲಿ ಓದಿದರು. ಒಬ್ಬರು ಸತೀಶ್ ಕುಮಾರ್; ಬಾಲ್ಯದಲ್ಲೇ ಜೈನ ಸಂನ್ಯಾಸ ಪಡೆದು ಆಮೇಲೆ ಅದನ್ನು ಬಿಟ್ಟು ವಿನೋಬರ ಭೂದಾನದ ಕೆಲಸಕ್ಕೆ ಬಂದವರು. ಇನ್ನೊಬ್ಬರು ಇ. ಪಿ. ಮೆನನ್, ಕೇರಳದವರು. ತೊಂಬತ್ತರ ಹತ್ತಿರದ ಮುದುಕನೊಬ್ಬ ಜೈಲಿಗೆ ಹೋಗುವಾಗ ನಾವು ಇಲ್ಲಿ ಕಾಫಿ ಕುಡಿಯುತ್ತ ಕೂತಿದ್ದೇವಲ್ಲ ಎಂದು ಅವರಿಗೆ ನಾಚಿಕೆಯಾಯಿತಂತೆ. ಅಣುಬಾಂಬು ಇಟ್ಟುಕೊಂಡ ನಾಲ್ಕು ದೇಶಗಳ ರಾಜಧಾನಿಗಳಿಗೂ ನಡೆದೇ ಹೋಗಬೇಕೆಂದು ತೀರ್ಮಾನಿಸಿದರು. ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್.

ಆಶೀರ್ವಾದ ಕೇಳಲು ಹೋದಾಗ ವಿನೋಬರು ಕೊಟ್ಟ ಬುದ್ಧಿವಾದ ವಿಚಿತ್ರವಾದದ್ದು: ಕೈಯಲ್ಲಿ ಒಂದು ಕಾಸನ್ನೂ ಇಟ್ಟುಕೊಳ್ಳಬೇಡಿ. (ಇಲ್ಲಿ ಯಾರೋ ನಕ್ಕಿರಿ. ನಾನೂ ಮೊದಲ ಸಲ ಓದಿದಾಗ ನಕ್ಕವನೇ.) ಹಣವಿದ್ದರೆ ಹೋಟೆಲಿಗೆ ಹೋಗಿ ಮಲಗುತ್ತೀರಿ; ಇಲ್ಲದಿದ್ದರೆ ಯಾರಾದರೊಬ್ಬರ ಮನೆಯ ಬಾಗಿಲು ತಟ್ಟಲೇಬೇಕಾಗುತ್ತದೆ, ಆಗ ಮಾತು ಬೆಳೆಯುತ್ತದೆ. ಇದು ಅದರ ತಾತ್ಪರ್ಯ. ೧೯೬೨ರ ಜೂನ್ ೧ರಂದು ದೆಹಲಿಯಲ್ಲಿ ಗಾಂಧೀಜಿಯ ಸಮಾಧಿಯಿಂದ ಅವರು ಹೊರಟರು. ಪಾಕಿಸ್ತಾನದ ಗಡಿಯಲ್ಲಿ ಬೀಳ್ಕೊಡಲು ಬಂದ ಗೆಳೆಯರು ಬುತ್ತಿ ಕಟ್ಟಿಕೊಟ್ಟರೆ, ಇದನ್ನು ಹೊತ್ತುಕೊಂಡು ಹೋದರೆ ಆಚೆಯ ಜನರನ್ನು ನಂಬಲಿಲ್ಲವೆಂದಾಗುತ್ತದೆ ಎಂದು ಹಿಂದಕ್ಕೆ ಕೊಟ್ಟುಬಿಟ್ಟರು. ಗಡಿ ದಾಟಿದರೆ, ಇವರ ಸುದ್ದಿ ಕೇಳಿದ್ದ ಒಬ್ಬ ಪಾಕಿಸ್ತಾನಿ ಸದ್ಗೃಹಸ್ಥರು ಮನೆಗೆ ಕರೆದೊಯ್ಯಲು ಕಾದು ನಿಂತಿದ್ದರಂತೆ. ಖೈಬರ್ ಕಣಿವೆ, ಆಫ್ಘಾನಿಸ್ತಾನ, ಇರಾನ್, ಸೋವಿಯತ್ ದೇಶ ಎಂದು ನಡೆಯುತ್ತ, ಸಮುದ್ರ ಬಂದಲ್ಲಿ ಮಾತ್ರ ಹಡಗು ಹತ್ತಿ, ಒಟ್ಟು ಸುಮಾರು ೮,೦೦೦ ಮೈಲಿ ಕಳೆದು ೧೯೬೪ರಲ್ಲಿ ವಾಷಿಂಗ್ಟನ್ ಮುಟ್ಟಿದರು.

ಕಪ್ಪು ಸಮುದ್ರದ ಬಳಿಯ ಒಂದು ಚಹಾ ಕಾರ್ಖಾನೆಯ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದು ನಮ್ಮಂಥವರದು. ಅಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಇವರ ಕೈಯಲ್ಲಿ ನಾಲ್ಕು ಪೊಟ್ಟಣ ಚಹಾ ಇಟ್ಟಳು. ನಾಲ್ಕು ದೇಶದ ನಾಯಕರಿಗೂ ಒಂದೊಂದು ಕೊಡಿ. ಎಂದಾದರೂ ಬಾಂಬಿನ ಗುಂಡಿ ಒತ್ತಬೇಕೆನ್ನಿಸಿದರೆ ಮೊದಲು ಇದನ್ನು ಕಾಯಿಸಿ ಕುಡಿಯಲಿ, ಅಷ್ಟರಲ್ಲಿ ಯೋಚನೆ ಮಾಡಲು ಹೊತ್ತು ಸಿಗುತ್ತದೆ ಎಂದಳಂತೆ. ಪಾಳಿ ಮುಗಿಸಿ ಚಹಾದಂಗಡಿಯ ಬೆಂಚಿನ ಮೇಲೆ ಕೂರುವ ನಮ್ಮವರಿಗೆ ಈ ಮಾತಿನ ಬೆಲೆ ಗೊತ್ತು. ಪೊಟ್ಟಣಗಳು ನಾಲ್ಕು ರಾಜಧಾನಿಗಳನ್ನೂ ಸೇರಿದವು.

ಹಣವಿಲ್ಲದೆ ಹೋಗುವುದು ವ್ರತ. ವ್ರತ ಹಿಡಿದವರಿಗೆ ಅದು ಸರಿ. ಹೆಂಡತಿಯನ್ನೋ ತಾಯಿಯನ್ನೋ ಕರೆದುಕೊಂಡು ಹೊರಟವನು ಪರರ ಬಾಗಿಲ ಬಳಿ ಕೈಕಟ್ಟಿ ನಿಲ್ಲುವುದು ತರವಲ್ಲವೆಂದು ನನ್ನ ಅಭಿಪ್ರಾಯ.

ಆ ಕಡೆಯ ದಾರಿಯಲ್ಲೇ ಎದುರು ಮುಖವಾಗಿ ಬಂದ ಗಂಡಹೆಂಡಿರು ಟೋನಿ ಮತ್ತು ಮೌರೀನ್ ವೀಲರ್. ೧೯೭೨ರಲ್ಲಿ ೬೫ ಪೌಂಡಿಗೆ ಹಳೆಯ ಚಿಕ್ಕ ವ್ಯಾನೊಂದನ್ನು ಕೊಂಡು ಲಂಡನ್ನಿನಿಂದ ಹೊರಟು, ಕಾಬೂಲಿನಲ್ಲಿ ಅದನ್ನು ಮಾರಿ, ಮುಂದಕ್ಕೆ ಸಿಕ್ಕ ಬಸ್ಸು, ರೈಲು, ಲಾರಿ, ದೋಣಿ ಹಿಡಿದು ಆಸ್ಟ್ರೇಲಿಯದ ಸಿಡ್ನಿ ಸೇರಿದಾಗ ಇಬ್ಬರ ಹತ್ತಿರವೂ ಸೇರಿ ಉಳಿದದ್ದು ೨೭ ಸೆಂಟು. ಕಂಡಕಂಡವರೆಲ್ಲ 'ಹೇಗೆ ಬಂದಿರಿ, ಎಷ್ಟಾಯಿತು' ಎಂದು ಕೇಳತೊಡಗಿದರಂತೆ. ನೋಡಿ, ಎಲ್ಲ ದೇಶದಲ್ಲೂ ಗುಮಾಸ್ತರಿದ್ದಾರೆ! ಉತ್ತರವನ್ನೆಲ್ಲ ಬರೆದು, ಅಡಿಗೆಮನೆಯ ಮೇಜಿನ ಮೇಲೆ ಹಾಳೆ ಮಡಿಸಿ ಪಿನ್ನು ಹೊಡೆದು, ೧೯೭೩ರಲ್ಲಿ ಸಣ್ಣ ಪುಸ್ತಕ ಮಾಡಿದರು. ಲೋನ್ಲಿ ಪ್ಲಾನೆಟ್ ಎಂಬ ಪ್ರವಾಸ ಪುಸ್ತಕಗಳ ದೊಡ್ಡ ಸಂಸ್ಥೆ ಹುಟ್ಟಿದ್ದು ಆ ಮೇಜಿನ ಮೇಲೆ. ೧೯೭೯ರಲ್ಲಿ ಇರಾನಿನ ಕ್ರಾಂತಿಯೂ, ಆ ವರ್ಷದ ಕೊನೆಗೆ ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯವೂ ಬಂದು ಆ ಹೆದ್ದಾರಿ ಕಡಿದುಹೋಯಿತು.

ಆದರೆ ನಮಗೆ ಎಲ್ಲರಿಗಿಂತ ಹತ್ತಿರದವರು ಕೊಚ್ಚಿಯ ವಿಜಯನ್ ಮತ್ತು ಮೋಹನಾ ದಂಪತಿಗಳು. ಕಡವಂತ್ರದ ಗಾಂಧಿನಗರದಲ್ಲಿ ಅವರದೊಂದು ಚಹಾದ ಅಂಗಡಿ, ಹೆಸರು ಶ್ರೀ ಬಾಲಾಜಿ ಕಾಫಿ ಹೌಸ್. ಗಂಡ ಚಹಾ ಕಾಸುವುದು, ಹೆಂಡತಿ ತಿಂಡಿ ಮಾಡುವುದು. ಆಳುಗಳ ಸಂಬಳವೂ ಉಳಿಯಲೆಂದು ಇಬ್ಬರೇ ದುಡಿದರು. ದಿನದ ಗಲ್ಲಾದಿಂದ ೩೦೦ ರೂಪಾಯಿಯನ್ನು ತಿರುಗಾಟಕ್ಕೆಂದು ಬೇರೆ ತೆಗೆದಿಡುತ್ತಿದ್ದರು. ೨೦೦೭ರಲ್ಲಿ ಮೊದಲ ಸಲ ವಿದೇಶಕ್ಕೆ ಹೋದರು. ಸಾಲದೆ ಬಂದದ್ದಕ್ಕೆ ಬ್ಯಾಂಕಿನಲ್ಲಿ ಸಾಲ ಎತ್ತುವುದು. ಹಿಂತಿರುಗಿ ಬಂದು ಎರಡು ಮೂರು ವರ್ಷ ಚಹಾ ಮಾರಿ ತೀರಿಸುವುದು. ತೀರಿದ ಕೂಡಲೆ ಮತ್ತೆ ಹೊರಡುವುದು. ಹೀಗೆ ೨೬ ದೇಶಗಳನ್ನು ನೋಡಿದರು. ೨೦೧೯ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡಿನ ಪ್ರವಾಸಕ್ಕೆ ಮಾತ್ರ ಉದ್ಯಮಿ ಆನಂದ್ ಮಹೀಂದ್ರ ನೆರವಾದರು. ೨೦೨೧ರ ಅಕ್ಟೋಬರಿನಲ್ಲಿ ರಷ್ಯಾ ನೋಡಿಬಂದರು. ನವೆಂಬರಿನಲ್ಲಿ ವಿಜಯನ್ ಹೃದಯಾಘಾತದಿಂದ ತೀರಿಕೊಂಡರು.

ದಿನಕ್ಕೆ ಮುನ್ನೂರು ಎಂದರೆ ವರ್ಷಕ್ಕೆ ೧,೦೯,೫೦೦. ಇದು ನಮ್ಮಿಂದಾಗದು. ದಿನಕ್ಕೆ ಐವತ್ತಾದರೆ ವರ್ಷಕ್ಕೆ ೧೮,೨೫೦. ಎರಡು ವರ್ಷಕ್ಕೆ ೩೬,೫೦೦. ಇದನ್ನು ನಮ್ಮಲ್ಲಿ ಬಹಳ ಜನ ಮಾಡಬಲ್ಲರು, ಮಾಡುವುದೂ ಉಂಟು. ಆದರೆ ಅದು ಚೀಟಿಗೆ ಹೋಗುತ್ತದೆ, ಚೀಟಿ ಎತ್ತಿದ ಹಣ ಊರಿನ ಮನೆಯ ಮಾಡಿಗೆ ಹೋಗುತ್ತದೆ. ಬೇಡವೆನ್ನುವುದಿಲ್ಲ. ಸಾಲದ ವಿಷಯದಲ್ಲಿ ಮಾತ್ರ ನಾನು ವಿಜಯನ್ನರ ಹಾದಿ ಹಿಡಿಯಲಾರೆ. ಅಂಗಡಿ ಅವರ ಸ್ವಂತದ್ದು, ಮರುದಿನ ಒಲೆ ಹಚ್ಚಿದರೆ ಕಾಸು ಹುಟ್ಟುತ್ತಿತ್ತು. ನಮ್ಮ ಕೆಲಸ ಇನ್ನೊಬ್ಬರ ಕೈಯಲ್ಲಿದೆ. ಮಿಲ್ಲು ಬಾಗಿಲು ಹಾಕಿದ ತಿಂಗಳಲ್ಲಿ ಪ್ರವಾಸದ ಸಾಲದ ಕಂತು ಬಂದು ನಿಂತರೆ ನೋಡಿಬಂದ ದೇಶವೆಲ್ಲ ಕಹಿಯಾಗುತ್ತದೆ.

ಸಾಲವಿಲ್ಲದೆ, ಪಾಸ್‌ಪೋರ್ಟೂ ಇಲ್ಲದೆ, ಇಬ್ಬರು ಎಲ್ಲಿಗೆ ಹೋಗಬಹುದು? ಮೊದಲು ನೇಪಾಳ. ೧೯೫೦ರ ಒಪ್ಪಂದದಂತೆ ನಮಗೆ ಅಲ್ಲಿಗೆ ವೀಸಾ ಬೇಕಿಲ್ಲ. ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತುಚೀಟಿ ಸಾಕು. ನಮ್ಮ ಪೆಂಡುರ್ತಿ ಸ್ಟೇಷನ್ನು ಇರುವುದೇ ಹೌರಾದ ದೊಡ್ಡ ಮಾರ್ಗದಲ್ಲಿ. ವಿಶಾಖಪಟ್ಟಣದಲ್ಲಿ ಹತ್ತಿ ಹೌರಾದಲ್ಲಿ ಇಳಿದರೆ ಅಲ್ಲಿಂದ ರಕ್ಸೌಲಿಗೆ ನೇರ ಗಾಡಿಯುಂಟು; ಗಡಿ ದಾಟಿದರೆ ಬೀರ್‌ಗಂಜ್. ಇಲ್ಲವೆ ನ್ಯೂ ಜಲ್ಪಾಯ್‌ಗುಡಿಗೆ ಹೋಗಿ, ಸಿಲಿಗುಡಿಯಿಂದ ಪಾನಿಟಂಕಿ, ಮೇಚಿ ನದಿಯ ಸೇತುವೆಯ ಆಚೆ ಕಾಕರ್‌ಭಿಟ್ಟಾ. ಎರಡು ಕಡೆಯಿಂದಲೂ ಕಾಠ್ಮಂಡುವಿಗೆ ಬಸ್ಸು ಸಿಗುತ್ತದೆ. ನಮ್ಮ ನೂರು ರೂಪಾಯಿಗೆ ಅಲ್ಲಿಯ ನೂರಅರವತ್ತು. ೧೯೯೩ರಿಂದ ಈ ದರ ಬದಲಾಗಿಲ್ಲ. ಯಾವ ನೋಟು ನಡೆಯುತ್ತದೆಂಬ ನಿಯಮ ಮಾತ್ರ ಆಗಾಗ ತಿದ್ದುಪಡಿಯಾಗುತ್ತದೆ, ಹೊರಡುವ ಮುಂಚೆ ವಿಚಾರಿಸಬೇಕು. ನೂರರ ನೋಟುಗಳನ್ನೇ ಕಟ್ಟಿಕೊಂಡು ಹೋದರೆ ಚಿಂತೆಯಿಲ್ಲ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು, ತಲೆಮಾರುಗಳಿಂದ ಬಂದ ಪದ್ಧತಿ. ಹಿಮಾಲಯದ ಮಡಿಲಿನಲ್ಲಿ ಕನ್ನಡ ಬಲ್ಲ ಅರ್ಚಕರಿದ್ದಾರೆಂದು ಊರಿನಲ್ಲಿರುವ ತಾಯಿಗೆ ಹೇಳಿ ನೋಡಿ, ಆಕೆಯ ಅರ್ಧ ಭಯ ಅಲ್ಲೇ ಹೋಗುತ್ತದೆ.

ಭೂತಾನಕ್ಕೂ ಗುರುತುಚೀಟಿ ಆಗುತ್ತದೆ. ಹಾಸಿಮಾರಾ ಸ್ಟೇಷನ್ನಿನಲ್ಲಿ ಇಳಿದು ಜೈಗಾಂವ್ ಮೂಲಕ ಫುಂಟ್‌ಶೋಲಿಂಗ್ ಸೇರಬೇಕು. ಆದರೆ ೨೦೨೨ರ ಸೆಪ್ಟೆಂಬರಿನಿಂದ ನಮ್ಮವರಿಗೂ ತಲೆಗೆ ಒಂದು ರಾತ್ರಿಗೆ ೧,೨೦೦ ರೂಪಾಯಿ ಶುಲ್ಕ ಹಾಕಿದ್ದಾರೆ. ಇಬ್ಬರಿಗೆ ಐದು ರಾತ್ರಿಗೆ ೧೨,೦೦೦. ಊಟ ವಸತಿಯ ಲೆಕ್ಕ ಇನ್ನೂ ಶುರುವಾಗಿಲ್ಲ. ಆದ್ದರಿಂದ ಮೊದಲು ನೇಪಾಳ ಎಂದೆ. ಮಯನ್ಮಾರಿನ ದಾರಿ ೨೦೨೧ರ ಸೈನಿಕ ದಂಗೆಯ ನಂತರ ಸಂಸಾರಸ್ಥರು ಹಿಡಿಯತಕ್ಕದ್ದಲ್ಲ.

ತಿಂಡಿಯ ವಿಷಯ ನಿಮಗೆ ಹೇಳಬೇಕೆ? ಖಡಕ್ ರೊಟ್ಟಿ, ಗುರೆಳ್ಳು ಪುಡಿ, ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡರೆ ದಾರಿಯ ಹೋಟೆಲಿನ ಅರ್ಧ ಖರ್ಚು ಉಳಿಯುತ್ತದೆ. ಅದನ್ನು ಕಟ್ಟುವ ಕೆಲಸವನ್ನು ಪುನಃ ಮನೆಯಾಕೆಯ ತಲೆಗೇ ಕಟ್ಟದೆ ಗಂಡಸರೂ ಒಂದು ದಿನ ಒಲೆಯ ಮುಂದೆ ಕೂತರೆ ಒಳಿತು.

ಕೊನೆಗೆ ಗುರುತುಚೀಟಿಯ ಮಾತು. ಎಲ್ಲ ಅನುಕೂಲವಿದ್ದೂ ನಮ್ಮವರು ಸಿಕ್ಕಿಕೊಳ್ಳುವುದು ಇಲ್ಲಿ. ಆಧಾರ್ ಒಂದೇ ಇದ್ದರೆ ಗಡಿಯಲ್ಲಿ ಎಲ್ಲರಿಗೂ ನಡೆಯುವುದಿಲ್ಲ. ಮತದಾರರ ಚೀಟಿ ಊರಿನ ಪೆಟ್ಟಿಗೆಯಲ್ಲಿರುತ್ತದೆ, ಇಲ್ಲವೆ ಕಳೆದಿರುತ್ತದೆ. ಹೆಂಗಸರ ಹೆಸರು ತವರಿನ ಪಟ್ಟಿಯಲ್ಲಿ ಒಂದು ಬಗೆ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಬಗೆ ಇರುತ್ತದೆ. ತಿದ್ದುಪಡಿಗೂ, ಕಳೆದ ಚೀಟಿಗೆ ಬದಲಿ ಪಡೆಯುವುದಕ್ಕೂ, ವಿಳಾಸ ವರ್ಗಾವಣೆಗೂ ಒಂದೇ ಅರ್ಜಿ, ಫಾರಂ ೮. ಬರುವ ಭಾನುವಾರದಿಂದ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಈ ವಾಚನಾಲಯದಲ್ಲಿ ಪತ್ರಿಕೆಯ ಮೇಜಿನ ಪಕ್ಕ ಕೂತಿರುತ್ತೇನೆ. ಚೀಟಿಯಿದ್ದರೆ ಚೀಟಿ, ಇಲ್ಲದಿದ್ದರೆ ಅದರ ನಂಬರು ತನ್ನಿ, ಫಾರಂ ತುಂಬಿಕೊಡುತ್ತೇನೆ. ಮನೆಯವರದನ್ನೂ ತನ್ನಿ.